ವಾಟ್ಸಾಪ್, ಶಾಲೆ, ರೈಲು, ಭಾನುವಾರದ ಹಲಗೆ: ಪದ ಆಟಕ್ಕೆ ಯಾರು ಬಂದರು, ಯಾರು ಉಳಿದರು

ತುಮಕೂರಿನ ನಮ್ಮ ಪದ ಆಟದ ಬಳಗಕ್ಕೆ ಹೆಸರಿಲ್ಲ, ನೋಂದಣಿ ಇಲ್ಲ, ಚಂದಾ ಇಲ್ಲ. ಪದಬಂಧ ಬಿಡಿಸುವ ಚಟ ಇರುವ ಒಂದಷ್ಟು ಜನ, ಅಷ್ಟೇ. ಒಂದು ಕಾಲದಲ್ಲಿ ಭಾನುವಾರ ಬೆಳಿಗ್ಗೆ ಜಗಲಿ ತುಂಬುತ್ತಿತ್ತು. ಆಮೇಲೆ ಕೆಲವರು ಮಕ್ಕಳ ಮನೆ ಅಂತ ಬೆಂಗಳೂರು ಸೇರಿದರು. ಕೆಲವರ ಕಣ್ಣು ಮಂಜಾಯಿತು. ಪೇಪರ್ ತರಿಸುವ ಮನೆಗಳೇ ಕಡಿಮೆಯಾದವು, ಪುರವಣಿಯ ಪದಬಂಧ ನೋಡಿ ಬೆಳೆದ ಹುಡುಗರು ಎಲ್ಲಿಂದ ಬರಬೇಕು? ಕೊನೆಗೆ ಉಳಿದವರೆಲ್ಲ ಪೆನ್ಷನ್ ತೆಗೆದುಕೊಳ್ಳುವವರು, ಜೊತೆಗೆ ನಾನೊಬ್ಬ.

ಜನ ಸೇರಿಸೋಣ ಅಂತ ನಾಲ್ಕು ದಾರಿ ಹಿಡಿದೆವು. ನಾಲ್ಕರಲ್ಲೂ ನಾನೇ ಓಡಾಡಿದ್ದರಿಂದ ಹೋಲಿಸುವ ಧೈರ್ಯ ಮಾಡುತ್ತಿದ್ದೇನೆ. ನನ್ನ ಅಳತೆ ಒಂದೇ. ಎಷ್ಟು ಜನ ಬಂದರು ಅನ್ನುವುದಲ್ಲ, ಬಂದವರಲ್ಲಿ ಎಷ್ಟು ಜನ ತಾವೇ ಒಂದು ಪದಬಂಧ ಕಟ್ಟಿ ತಂದರು ಅನ್ನುವುದು. ಬಿಡಿಸುವವರು ಇವತ್ತು ಬರುತ್ತಾರೆ, ನಾಳೆ ಹೋಗುತ್ತಾರೆ. ಕಟ್ಟುವವರು ಬಿಟ್ಟು ಹೋಗುವುದು ಕಷ್ಟ.

ವಾಟ್ಸಾಪ್ ಗ್ರೂಪ್

ಸುಲಭ ಅಂದರೆ ಇದೇ. ದಿನಕ್ಕೊಂದು ಸಣ್ಣ ಪದಬಂಧದ ಫೋಟೋ ಹಾಕಿದರೆ ಆಯಿತು. ಕಾಸಿನ ಖರ್ಚಿಲ್ಲ. ಜನ ಬೇಗ ತುಂಬಿಕೊಂಡರು. ತಿಪಟೂರು, ಶಿರಾ, ಬೆಂಗಳೂರಲ್ಲಿರುವ ತುಮಕೂರಿನವರು, ಅವರ ನಾದಿನಿಯರು, ಭಾವಂದಿರು.

ಆದರೆ ಆಟ ನಡೆದದ್ದು ಎರಡು ಮೂರು ಜನರ ಮಧ್ಯೆ ಮಾತ್ರ. ಬೆಳಿಗ್ಗೆ ಫೋಟೋ ಬಿದ್ದ ಸ್ವಲ್ಪ ಹೊತ್ತಿಗೆ ಬೆರಳು ಚುರುಕಾದವರು ಉತ್ತರ ಹಾಕಿ ಮುಗಿಸುತ್ತಿದ್ದರು. ಉಳಿದವರು ಎದ್ದು ನೋಡುವಾಗ ಬಿಡಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ರಾತ್ರಿ ಒಂಬತ್ತರವರೆಗೆ ಯಾರೂ ಉತ್ತರ ಹಾಕಬಾರದು ಅಂತ ನಿಯಮ ಮಾಡಿದೆವು. ಆಗ ಹಗಲೆಲ್ಲ ಖಾಲಿ ಬಿದ್ದ ಗ್ರೂಪಿಗೆ ಗುಲಾಬಿ ಹೂವಿನ ಶುಭೋದಯಗಳು, ಸಕ್ಕರೆ ಕಾಯಿಲೆಗೆ ಮನೆಮದ್ದು, ಆಮೇಲೆ ರಾಜಕೀಯ. ಅಡ್ಮಿನ್ ಕೆಲಸ ಅಂದರೆ ಏನು ಅಂತ ಆಗ ಗೊತ್ತಾಯಿತು.

ವರ್ಡಲ್ ಮಾದರಿಯನ್ನೂ ಅಲ್ಲೇ ಆಡಿಸಿದೆವು. ಜೋಶ್ ವಾರ್ಡಲ್ 2021ರಲ್ಲಿ ಜನರ ಮುಂದಿಟ್ಟ ಆಟ ಅದು. ಐದು ಅಕ್ಷರದ ಇಂಗ್ಲಿಷ್ ಪದ, ಊಹಿಸಲು ಆರು ಅವಕಾಶ. ಅಕ್ಷರ ಸರಿ, ಜಾಗವೂ ಸರಿ ಅಂದರೆ ಹಸಿರು. ಅಕ್ಷರ ಸರಿ, ಜಾಗ ತಪ್ಪು ಅಂದರೆ ಹಳದಿ. ಕನ್ನಡಕ್ಕೆ ಈ ಎರಡು ಬಣ್ಣ ಸಾಲುವುದಿಲ್ಲ. ಉತ್ತರ 'ಕೆರೆ' ಇದ್ದು ನಾನು 'ಕುರಿ' ಅಂದರೆ ಎರಡು ವ್ಯಂಜನವೂ ಸರಿ, ಎರಡು ಗುಣಿತವೂ ತಪ್ಪು. ಅದಕ್ಕೆ ನೀಲಿ ಅಂತ ಮೂರನೇ ಬಣ್ಣ ಇಟ್ಟೆವು. ಹುಡುಗರಿಗೆ ಇಷ್ಟವಾಯಿತು. ವಯಸ್ಸಾದವರು 'ಇದೇನಪ್ಪ ಟ್ರಾಫಿಕ್ ಸಿಗ್ನಲ್ಲು' ಅಂತ ಕೈಬಿಟ್ಟರು.

ಗ್ರೂಪಿನಿಂದ ಬಂದ ಒಂದೇ ದೊಡ್ಡ ಲಾಭ ಪಾವಗಡದ ಒಬ್ಬ ಟೀಚರ್. ಪಾವಗಡ ಅಂದರೆ ನಮ್ಮದೇ ಜಿಲ್ಲೆ, ಆದರೆ ಸುತ್ತ ಬಹುಪಾಲು ಆಂಧ್ರ. ತುಮಕೂರಿಗೆ ಬರಬೇಕು ಅಂದರೆ ಹತ್ತಿರ ಹತ್ತಿರ 100 ಕಿಲೋಮೀಟರ್. ಅವರ ಮನೆಮಾತು ತೆಲುಗು. ನಮ್ಮಲ್ಲಿ ಅತಿ ಚೊಕ್ಕ ಸುಳಿವು ಬರೆಯುವವರು ಈಗ ಅವರೇ. ಫೋನ್ ಇಲ್ಲದಿದ್ದರೆ ಅವರು ನಮಗೆ ಸಿಗುತ್ತಲೇ ಇರಲಿಲ್ಲ.

ಶಾಲೆಯಲ್ಲಿ ಸ್ಪರ್ಧೆ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಕ್ಕಳು ಚೆನ್ನಾಗಿಯೇ ಆಡಿದರು. ಆದರೆ ನಾವು ಹೋದ ಶಾಲೆಗಳಿಗೆ ಇದು ನವೆಂಬರ್ ತಿಂಗಳಿಗೆ ಮಾತ್ರ ಬೇಕು. ರಾಜ್ಯೋತ್ಸವಕ್ಕೆ ಒಂದು ಐಟಂ. ಒಂದು ಕಡೆಯಂತೂ ಬಹುಮಾನ ಕೊಡುವ ಫೋಟೋ ತೆಗೆಯಲು ಹಿಡಿದ ಹೊತ್ತು ಆಟಕ್ಕೆ ಹಿಡಿದ ಹೊತ್ತಿಗಿಂತ ಜಾಸ್ತಿ. ಡಿಸೆಂಬರ್‌ನಲ್ಲಿ ಮತ್ತೆ ಕೇಳಿದಾಗ 'ಸಿಲಬಸ್ ಮುಗಿದಿಲ್ಲ ಸಾರ್' ಅಂದರು. ಸರ್ಟಿಫಿಕೇಟ್ ಪ್ರಿಂಟಿಗೆ ನಮ್ಮ ಕೈಯಿಂದ ಹೋದ ದುಡ್ಡು ನಾಲ್ಕು ದಾರಿಗಳಲ್ಲಿ ಅತಿ ಹೆಚ್ಚು, ಉಳಿದ ಜನ ಅತಿ ಕಡಿಮೆ. ಮನೆಯಲ್ಲಿ ಅಜ್ಜನೋ ಅಮ್ಮನೋ ಆಡುತ್ತಿದ್ದರೆ ಮಗು ಆಡುತ್ತದೆ. ಮಕ್ಕಳನ್ನು ಹಿಡಿಯಬೇಕು ಅಂದರೆ ಮೊದಲು ಮನೆಯ ದೊಡ್ಡವರನ್ನು ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಬೆಂಗಳೂರು ರೈಲು

ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಪಾಸ್ ಮಾಡಿಸಿಕೊಂಡು ದಿನಾ ಹೋಗಿ ಬರುವವರು ಸಾವಿರಾರು ಜನ. ಅದೇ ಬೋಗಿ, ಅದೇ ಸೀಟು, ಅದೇ ಮುಖಗಳು. ಇಷ್ಟು ಹೊತ್ತು ಒಂದೇ ಕಡೆ ಕೂರುವ ಜನ ಊರಲ್ಲಿ ಬೇರೆಲ್ಲಿ ಸಿಗಬೇಕು? ನಮ್ಮಲ್ಲಿ ಇಬ್ಬರು ದಿನಾ ಹೋಗುವವರಾದ್ದರಿಂದ ಪದಬಂಧದ ಜೆರಾಕ್ಸ್ ಹಿಡಿದು ಹತ್ತಿದೆವು.

ಮೊದಲು ತಲೆಗೊಂದು ಹಾಳೆ ಕೊಟ್ಟು ನೋಡಿದೆವು. ಮಡಚಿ ಜೇಬಿಗಿಟ್ಟು ನಿದ್ದೆ ಹೊಡೆದರು. ಆಮೇಲೆ ಎದುರುಬದುರು ಕೂತವರಿಗೆಲ್ಲ ಸೇರಿ ಒಂದೇ ಹಾಳೆ, ಒಂದೇ ಪೆನ್ನು ಕೊಟ್ಟೆವು. ಆಗ ಶುರುವಾಯಿತು ನೋಡಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದು ಹಾಕುವುದು, ಪೆನ್ನು ಕಿತ್ತುಕೊಳ್ಳುವುದು, ಪಕ್ಕದ ಸೀಟಿನವರು ಇಣುಕಿ ನೋಡಿ 'ಅದು ಕುಣಿಗಲ್ ಅಲ್ಲ ಸ್ವಾಮಿ, ನಾಲ್ಕನೇ ಮನೆ ನೋಡಿ' ಅನ್ನುವುದು. ಹಿರೇಹಳ್ಳಿ ಬರುವಷ್ಟರಲ್ಲಿ ಅರ್ಧ, ದೊಡ್ಡಬೆಲೆ ಹೊತ್ತಿಗೆ ಮುಕ್ಕಾಲು. ಉಳಿದ ಕಾಲು ಭಾಗಕ್ಕೆ ಯಶವಂತಪುರದವರೆಗೂ ಜಗಳ.

ಸಂಜೆ ಬರುವಾಗ ಹಾಳೆ ನಡೆಯುವುದಿಲ್ಲ. ಎಲ್ಲರೂ ಸುಸ್ತು, ನಿಂತೇ ಬರಬೇಕು. ಆಗ ಪದಗಳ ಅಂತ್ಯಾಕ್ಷರಿ. ಹಾಡಲ್ಲ, ಬರೀ ಪದ. ಕೊನೆಯ ವ್ಯಂಜನದಿಂದ ಮುಂದಿನ ಪದ. ಇದರಲ್ಲಿ ಒಂದು ಕಿತಾಪತಿ ಇದೆ. 'ಕೊಳ' ಅಂತಲೋ 'ಹಣ್ಣು' ಅಂತಲೋ ಹೇಳಿದರೆ ಮುಂದಿನವರು ಸತ್ತರು. ಳ, ಣ ದಿಂದ ಶುರುವಾಗುವ ಕನ್ನಡ ಪದ ಹುಡುಕಿದರೂ ಸಿಗುವುದಿಲ್ಲ. ಇನ್ನು ಬಹುವಚನಕ್ಕೆ ಅವಕಾಶ ಕೊಟ್ಟರಂತೂ ಮನೆಗಳು, ಮರಗಳು, ರೈಲುಗಳು ಅಂತ ಎಲ್ಲರೂ ಳ ಬಾಂಬ್ ಹಾಕುತ್ತಾರೆ. ಬಹುವಚನ ಇಲ್ಲ, ಳ ಬಂದರೆ ಲ, ಣ ಬಂದರೆ ನ ಅಂತ ನಿಯಮ ಮಾಡಿದ ಮೇಲೆ ಆಟ ಸುಸೂತ್ರವಾಯಿತು.

ವಾಟ್ಸಾಪಿಗಿಂತ ಇಲ್ಲಿ ತಲೆ ಎಣಿಕೆ ಕಡಿಮೆ. ಆದರೆ ಮೂವತ್ತು ನಲವತ್ತರ ವಯಸ್ಸಿನವರು ಸಿಕ್ಕಿದ್ದು ಇಲ್ಲೇ. ಒಬ್ಬರು ಗುಮಾಸ್ತರು, ಒಬ್ಬರು ಆಸ್ಪತ್ರೆಯ ನರ್ಸ್, ಇಬ್ಬರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಕೊರತೆ ಏನೆಂದರೆ, ಬೇರೆ ಕಡೆ ಕೆಲಸ ಸಿಕ್ಕಿದರೆ ಆಟವೂ ಬಿಡುತ್ತದೆ. ವಾರವೆಲ್ಲ ಓಡಾಡುವವರನ್ನು ಭಾನುವಾರವೂ ಬನ್ನಿ ಅನ್ನುವುದಕ್ಕೆ ನಮಗೂ ಬಾಯಿ ಬರುವುದಿಲ್ಲ.

ಭಾನುವಾರದ ಹಲಗೆ

ಇದು ಸ್ಕ್ರಾಬಲ್, ಅಂದರೆ ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮನೆಗಳಲ್ಲಿ ಇಟ್ಟು ಪದ ಹೆಣೆಯುವ ಇಂಗ್ಲಿಷ್ ಆಟ, ಅದನ್ನು ನೋಡಿ ನಾವೇ ಮಾಡಿಕೊಂಡದ್ದು. ದಪ್ಪ ಮದುವೆ ಕಾರ್ಡುಗಳನ್ನು ಕತ್ತರಿಸಿ ಬಿಲ್ಲೆ ಮಾಡಿದೆವು. ಅಮಾನಿಕೆರೆ ಕಡೆ ವಾಕಿಂಗ್ ಬರುವವರಿಗೆ ಕಾಣಲಿ ಅಂತ ಕೆಲವು ಸಲ ಅಲ್ಲೇ ಬೆಂಚಿನ ಮೇಲೆ ಹಲಗೆ ಹರಡುತ್ತೇವೆ. ಮಳೆ ಬಂದರೆ ಜಗಲಿ.

ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸ್ಕ್ರಾಬಲ್‌ನ 100 ಬಿಲ್ಲೆಗಳಲ್ಲಿ 42 ಸ್ವರಗಳೇ. ಕನ್ನಡದಲ್ಲಿ ಅ, ಇ, ಉ ಪದದ ಶುರುವಿನಲ್ಲಿ ಬಿಟ್ಟರೆ ಆಮೇಲೆ ಬರುವುದೇ ಅಪರೂಪ. ಅಷ್ಟು ಸ್ವರ ಇಟ್ಟರೆ ಕೈಯಲ್ಲೇ ಕೊಳೆಯುತ್ತವೆ. ಹಾಗಂತ ಕಾಗುಣಿತಕ್ಕೆಲ್ಲ ಬೇರೆ ಬೇರೆ ಬಿಲ್ಲೆ ಮಾಡುವುದಕ್ಕೂ ಆಗಲ್ಲ, ಒಂದೊಂದು ವ್ಯಂಜನಕ್ಕೂ ಹನ್ನೆರಡು ಹದಿಮೂರು ರೂಪ.

ತಾಲ್ಲೂಕುಗಳ ಹೆಸರು ತೆಗೆದುಕೊಳ್ಳಿ, ಕಷ್ಟ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯಲ್ಲಿ 10 ತಾಲ್ಲೂಕು. ಪದಬಂಧದ ಕಟ್ಟುನಿಟ್ಟಿನಲ್ಲಿ, ಅಂದರೆ ಒಂದು ಮನೆಗೆ ಗುಣಿತ, ಒತ್ತು ಸಮೇತ ಒಂದು ಅಕ್ಷರ ಅಂತ ಹಿಡಿದು ಹತ್ತನ್ನೂ ಹೆಣೆಯಲು ಹೋದರೆ ಆಗುವುದಿಲ್ಲ. ತುಮಕೂರು, ತಿಪಟೂರು, ತುರುವೇಕೆರೆ ಒಂದಕ್ಕೊಂದು 'ರು'ವಿನಲ್ಲಿ ಕೂಡುತ್ತವೆ. ಮಧುಗಿರಿ ತುಮಕೂರಿನ 'ಮ' ಹಿಡಿಯುತ್ತದೆ. ಕೊರಟಗೆರೆ ತುರುವೇಕೆರೆಯ 'ರೆ' ಹಿಡಿಯುತ್ತದೆ. ಪಾವಗಡಕ್ಕೆ ಇಡೀ ಜಿಲ್ಲೆಯಲ್ಲಿ ಸಿಗುವ ನೆಂಟ ಕುಣಿಗಲ್ ಒಂದೇ, ಅದೂ ಒಂದು 'ಗ'ದಿಂದ. ನಕ್ಷೆಯಲ್ಲಿ ಒಂದು ಉತ್ತರದ ತುದಿ, ಇನ್ನೊಂದು ದಕ್ಷಿಣದ ತುದಿ! ಗುಬ್ಬಿ, ಶಿರಾ, ಚಿಕ್ಕನಾಯಕನಹಳ್ಳಿ ಯಾರ ಜೊತೆಗೂ ಸೇರುವುದಿಲ್ಲ. ಎಂಟು ಅಕ್ಷರ ಇಟ್ಟುಕೊಂಡು ಚಿಕ್ಕನಾಯಕನಹಳ್ಳಿ ಒಂಟಿಯಾಗಿ ನಿಲ್ಲುತ್ತದೆ.

ಅದಕ್ಕೆ ಹಲಗೆ ಆಟದಲ್ಲಿ ಸಡಿಲ ಬಿಟ್ಟೆವು. ಕೆಲವು ಸ್ವರದ ಬಿಲ್ಲೆ ಬಿಟ್ಟರೆ ಉಳಿದವುಗಳ ಮೇಲೆ ಬರೀ ವ್ಯಂಜನ. ಗುಣಿತ, ಒತ್ತು, ಸೊನ್ನೆ ಆಡುವವರ ಬಾಯಲ್ಲಿ. ಅಡ್ಡಕ್ಕೆ 'ಕೊ' ಅಂತ ಓದಿದ್ದನ್ನು ಕೆಳಕ್ಕೆ 'ಕಾ' ಅಂತ ಓದಬಹುದು. ಈಗ ಹತ್ತೂ ತಾಲ್ಲೂಕು ಸಲೀಸಾಗಿ ಕೂಡುತ್ತವೆ. ಆದರೆ ಆಟ ತೀರಾ ಸುಲಭವಾಯಿತು. ಕ, ರ ಎರಡು ಬಿಲ್ಲೆ ಇಟ್ಟರೆ ಕರ, ಕರು, ಕರೆ, ಕಾರ, ಕುರಿ, ಕೆರೆ, ಕೇರಿ, ಕೊರೆ, ಯಾವುದು ಬೇಕಾದರೂ ಆಗುತ್ತದೆ.

ಇದಕ್ಕೆ ಮದ್ದು ಕೊಟ್ಟವರು ರೈಲಿನಿಂದ ಬಂದ ನರ್ಸ್. ಬಿಲ್ಲೆ ಇಟ್ಟವರು ಪದ ಹೇಳಲಿ, ಎದುರಿನವರು ಅದೇ ಬಿಲ್ಲೆಗಳಲ್ಲಿ ಬೇರೆ ಪದ ಹೇಳಿದರೆ ಅರ್ಧ ಅಂಕ ಕಸಿದುಕೊಳ್ಳಲಿ. ಕೆರೆ ಅಂದವರಿಗೆ ಕುರಿ ಅಂತ ಹೊಡೆತ ಬಿತ್ತು. ಗಿಡ್ಡ ಪದ ಇಟ್ಟರೆ ನಷ್ಟ ಅಂತ ಜನ ಉದ್ದ ಪದ ಹುಡುಕತೊಡಗಿದರು. ಚಿಕ್ಕನಾಯಕನಹಳ್ಳಿ ಇಟ್ಟರೆ ಯಾರ ಅಪ್ಪನಿಗೂ ಕಸಿಯಲಾಗುವುದಿಲ್ಲ. ಊರ ಹೆಸರು ಸ್ಕ್ರಾಬಲ್‌ನಲ್ಲಿ ನಡೆಯದು, ನಮ್ಮಲ್ಲಿ ಜಿಲ್ಲೆಯ ಊರುಗಳಿಗೆ ರಿಯಾಯಿತಿ.

ಇನ್ನು ಯಾವುದು ಪದ, ಯಾವುದು ಅಲ್ಲ ಅನ್ನುವ ಪಂಚಾಯಿತಿ. ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ, ಬೆಂಚಿಗೆ ಹೊತ್ತು ತರುವ ಮಾತಲ್ಲ. ಫೋನಿನಲ್ಲಿ ವಿ. ಕೃಷ್ಣ ಅವರ ಅಲರ್ ಅನ್ನುವ ಕನ್ನಡ-ಇಂಗ್ಲಿಷ್ ನಿಘಂಟು ತೆರೆಯುತ್ತೇವೆ, ಬಹಳ ಸಲ ಅಲ್ಲೇ ತೀರ್ಮಾನ. ತೀರದಿದ್ದರೆ ಬಾಯಿಗೆ ಬಾಯಿ. ಒಮ್ಮೆ ಆಟೋ ಓಡಿಸುವ ಒಬ್ಬರು ಬ, ಸ, ರ ಇಟ್ಟು 'ಬಸ್ಸಾರು' ಅಂದರು. ನಿವೃತ್ತ ಮೇಷ್ಟ್ರು ಒಪ್ಪಲಿಲ್ಲ. 'ಬಸಿದ ಸಾರು ಅನ್ನಿ, ಬಸ್ಸಾರು ಗ್ರಂಥದಲ್ಲಿ ಎಲ್ಲಿದೆ ತೋರಿಸಿ' ಅಂದರು.

'ಮೇಷ್ಟ್ರೇ, ನೀವು ನೆನ್ನೆ ರಾತ್ರಿ ಮುದ್ದೆಗೆ ಏನು ಹಾಕಿಕೊಂಡಿರಿ?'

'ಬಸ್ಸಾರು.'

'ಮತ್ತೆ?'

ಮೇಷ್ಟ್ರು ನಕ್ಕು ಅಂಕ ಬರೆದುಕೊಂಡರು. ಅವತ್ತಿನಿಂದ ನಿಯಮ ಬಂತು: ನಿಘಂಟಿನಲ್ಲಿ ಸಿಗದಿದ್ದರೂ ಮೂರು ಬೇರೆ ಬೇರೆ ತಾಲ್ಲೂಕಿನವರು ಒಪ್ಪಿದರೆ ಅದು ಪದ. ಈ ನಿಯಮಕ್ಕಾಗಿಯೇ ಜನ ತಮ್ಮೂರಿನವರನ್ನು ಕರೆದುಕೊಂಡು ಬರತೊಡಗಿದರು, ಓಟು ಹಾಕಿಸಲು! ಮಧುಗಿರಿಯವರು ಬೇಕು ಅಂದರೆ ಮಧುಗಿರಿಯ ಭಾವಮೈದ ಹಾಜರ್. ನಾವು ಗ್ರೂಪಿನಲ್ಲಿ ಎಷ್ಟು ಬೇಡಿಕೊಂಡರೂ ಆಗದ ಕೆಲಸ ಇದು.

ಹಲಗೆಗೆ ಜನ ನಿಧಾನವಾಗಿ ಬಂದರು. ನಾಲ್ವರಿಗಿಂತ ಜಾಸ್ತಿ ಒಂದು ಹಲಗೆಗೆ ಕೂರಲಾಗುವುದಿಲ್ಲ. ಆದರೆ ಈಗ ನಮ್ಮಲ್ಲಿ ಪದಬಂಧ ಕಟ್ಟಿ ತರುವವರಲ್ಲಿ ಬಹುಪಾಲು ಜನ ಈ ಹಲಗೆಯಿಂದ ಬಂದವರು, ಇಲ್ಲವೇ ರೈಲಿನಿಂದ ಬಂದು ಹಲಗೆಗೆ ಅಂಟಿಕೊಂಡವರು. ಕಾರಣ ನನಗೆ ಕಾಣುವುದು ಇಷ್ಟು: ಎದುರು ಕೂತು ವಾದ ಮಾಡಲು ಜಾಗ ಇರುವ ಆಟದಲ್ಲಿ ಸೋತವರು ಮುಂದಿನ ವಾರ ಸೇಡು ತೀರಿಸಿಕೊಳ್ಳಲು ಬರುತ್ತಾರೆ. ಫೋನಿನಲ್ಲಿ ಸೋತವರು ಫೋನ್ ಪಕ್ಕಕ್ಕಿಡುತ್ತಾರೆ.

ಹಾಗಾಗಿ ಈಗ ವಾಟ್ಸಾಪ್ ಸೂಚನೆಗೆ ಮತ್ತು ದೂರದವರಿಗೆ, ರೈಲು ಹೊಸಬರನ್ನು ಹಿಡಿಯಲು, ಹಲಗೆ ಉಳಿಸಿಕೊಳ್ಳಲು. ಶಾಲೆಗೆ ಅವರಾಗಿ ಕರೆದರೆ ಹೋಗುತ್ತೇವೆ.

ನಿಮ್ಮೂರಲ್ಲಿ ಹಲಗೆ ಮಾಡುವವರಿಗೆ ನಮ್ಮ ಬಿಲ್ಲೆ ಲೆಕ್ಕ ಕೊಡುತ್ತೇನೆ, ಒಟ್ಟು 100. ರ, ನ, ಲ, ತ, ದ, ಕ, ಗ ತಲಾ 6. ಮ, ಸ, ಪ, ಬ, ಹ, ವ, ಟ, ಳ, ಯ, ಡ, ಚ, ಜ ತಲಾ 3. ಣ, ಶ ಎರಡೆರಡು. ಷ, ಭ, ಧ, ಥ, ಖ, ಘ, ಫ ಒಂದೊಂದು. ಸ್ವರದಲ್ಲಿ ಅ 3, ಇ, ಉ, ಎ, ಒ ಒಂದೊಂದು, ಇವನ್ನೇ ದೀರ್ಘಕ್ಕೂ ಓದಿಕೊಳ್ಳಿ. ಖಾಲಿ ಬಿಲ್ಲೆ 4. ಛ, ಝ, ಠ, ಢ, ಙ, ಞ ಮಾಡುವ ಶ್ರಮ ಬೇಡ, ಬೇಕಾದಾಗ ಖಾಲಿ ಬಿಲ್ಲೆ ಇಡಿ. ಸ್ಕ್ರಾಬಲ್‌ನ 15 ಮನೆ ಅಗಲ ನಮಗೆ ಜಾಸ್ತಿ, ಕನ್ನಡ ಪದ ಕಡಿಮೆ ಮನೆಯಲ್ಲೇ ಮುಗಿಯುತ್ತದೆ. 11ಕ್ಕೆ 11 ಸಾಕು. ಬಿಲ್ಲೆಗೆ ಮದುವೆ ಕಾರ್ಡು ತೆಗೆದುಕೊಂಡರೆ ಹಿಂದುಗಡೆ ಏನೂ ಅಚ್ಚಾಗದ ಕಾರ್ಡನ್ನೇ ಆರಿಸಿ. ಗಂಡಿನ ಹೆಸರಿನ ತುಂಡು ಯಾವ ಬಿಲ್ಲೆ ಹಿಂದೆ ಇದೆ ಅಂತ ನಮ್ಮ ಮೇಷ್ಟ್ರು ಎರಡೇ ವಾರದಲ್ಲಿ ಗುರುತು ಹಿಡಿದುಬಿಟ್ಟಿದ್ದರು.