ಮುಖ ನೋಡಿ ಹೆಸರು ಹೇಳಿ: ನಾಲ್ಕು ಉಪಾಯ, ಎಂಬತ್ತು ಮುಖ, ಜೊತೆಗೆ ನಮ್ಮತ್ತೆ

ನಮ್ಮ ಬಡಾವಣೆಯಲ್ಲಿ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ಕ್ವಿಜ್ ನಡೆಯುತ್ತದೆ. ಅದರಲ್ಲಿ ‘ಮುಖ ನೋಡಿ ಹೆಸರು ಹೇಳಿ’ ಅನ್ನುವ ಸುತ್ತಿಗೇ ಜನ ಸೇರುವುದು ಜಾಸ್ತಿ. ಪರದೆ ಮೇಲೆ ಒಂದು ಫೋಟೋ ಬರುತ್ತದೆ. ಐದು ಸೆಕೆಂಡಿನಲ್ಲಿ ಹೆಸರು ಹೇಳಬೇಕು. ಸಿನಿಮಾದವರು, ಸಾಹಿತಿಗಳು, ಕ್ರಿಕೆಟಿಗರು, ಹಾಡುಗಾರರು, ಯಾರು ಬೇಕಾದರೂ ಬರಬಹುದು. ಎರಡು ವರ್ಷದ ಹಿಂದೆ ನಾನು ಆ ಸುತ್ತಿನಲ್ಲಿ ಮೈನಾವತಿಯವರನ್ನು ನೋಡಿ ‘ಪಂಡರೀಬಾಯಿ’ ಅಂದುಬಿಟ್ಟೆ. ಪಕ್ಕದಲ್ಲಿದ್ದ ಅತ್ತೆ ‘ತಂಗಿ ಕಣೇ ಅದು’ ಅಂತ ಗೊಣಗಿದರು. ಮೈಕ್ ಆನ್ ಇತ್ತು. ಇಡೀ ಪೆಂಡಾಲ್ ನಕ್ಕಿತು.

ಮುಂದಿನ ಸಲಕ್ಕೆ ಹೀಗಾಗಬಾರದು ಅಂತ ನೆನಪಿನ ಉಪಾಯಗಳನ್ನು ಹಿಡಿದು ಕೂತೆ. ಎಂಬತ್ತು ಜನರ ಪಟ್ಟಿ ಮಾಡಿ, ಇಪ್ಪತ್ತಿಪ್ಪತ್ತರ ನಾಲ್ಕು ಗುಂಪು ಮಾಡಿದೆ. ಒಂದೊಂದು ಗುಂಪಿಗೆ ಒಂದೊಂದು ಉಪಾಯ, ತಲಾ ಹತ್ತು ದಿನ, ರಾತ್ರಿ ಊಟ ಆದ ಮೇಲೆ ಕಾಲು ಗಂಟೆ. ಪರೀಕ್ಷೆ ತೆಗೆದುಕೊಂಡವಳು ಮಗಳು. ಮೊದಲು ನಾನು ಕಲಿತ ಅದೇ ಫೋಟೋ ತೋರಿಸುವುದು. ಆಮೇಲೆ ಅದೇ ವ್ಯಕ್ತಿಯ ನಾನು ನೋಡದ ಇನ್ನೊಂದು ಫೋಟೋ. ಕ್ವಿಜ್ ನಡೆಸುವ ಮೇಷ್ಟ್ರು ಪಾಠಪುಸ್ತಕದಲ್ಲಿರುವ ಫೋಟೋವನ್ನು ಹಾಕುವವರೇ ಅಲ್ಲ, ಹಾಗಾಗಿ ಎರಡನೆಯದೇ ನಿಜವಾದ ಪರೀಕ್ಷೆ. ಗುಂಪುಗಳು ಸರಿಸಮ ಇರಲಿಲ್ಲ ಅಂತ ಈಗಲೇ ಒಪ್ಪಿಕೊಳ್ಳುತ್ತೇನೆ. ಕ್ರಿಕೆಟಿಗರು ನನಗೆ ಮೊದಲೇ ಅಷ್ಟಿಷ್ಟು ಗೊತ್ತಿದ್ದರು. ಹಿಂದೂಸ್ತಾನಿ ಹಾಡುಗಾರರ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಮೊದಲು ಹಿಡಿದದ್ದು ಕೊಕ್ಕೆ ಹಾಕುವ ಉಪಾಯ. ಮುಖದಲ್ಲಿ ಎದ್ದು ಕಾಣುವ ಒಂದು ಗುರುತನ್ನು ಆರಿಸಬೇಕು. ಹೆಸರನ್ನು ಒಂದು ಚಿತ್ರವಾಗಿ ಮಾಡಬೇಕು. ಆ ಚಿತ್ರವನ್ನು ಗುರುತಿಗೆ ನೇತುಹಾಕಬೇಕು. 1991ರಿಂದ ನಡೆಯುತ್ತಿರುವ ವಿಶ್ವ ಮೆಮೊರಿ ಚಾಂಪಿಯನ್‌ಶಿಪ್‌ನಲ್ಲಿ ಹೆಸರು ಮತ್ತು ಮುಖ ನೆನಪಿಡುವ ಒಂದು ಸ್ಪರ್ಧೆಯೇ ಇದೆ. ಅಂಥ ಸ್ಪರ್ಧಿಗಳಿಗೆ ಇದು ಅ ಆ ಇ ಈ ಇದ್ದ ಹಾಗೆ.

ಇದರಲ್ಲಿ ಮಜಾ ಇದೆ, ಸುಳ್ಳು ಹೇಳುವುದಿಲ್ಲ. ತೂಗುದೀಪ ಶ್ರೀನಿವಾಸ್ ಅವರ ಹುಬ್ಬಿನಿಂದ ಸರಪಳಿ ಇಳಿಬಿಟ್ಟು ದೀಪ ನೇತುಹಾಕಿದೆ. ವಜ್ರಮುನಿಯವರ ಎರಡೂ ಕಣ್ಣಿಗೆ ವಜ್ರ ಕೂರಿಸಿದೆ. ಮುಸುರಿ ಕೃಷ್ಣಮೂರ್ತಿಯವರ ತಲೆ ಮೇಲೆ ಮುಸುರೆ ಪಾತ್ರೆಗಳ ರಾಶಿ ಪೇರಿಸಿದೆ. ಅವರು ನನ್ನನ್ನು ಕ್ಷಮಿಸಲಿ. ಚೆನ್ನವೀರ ಕಣವಿಯವರ ಹಣೆಯ ಗೆರೆಗಳ ನಡುವೆ ಒಂದು ಕಣಿವೆ ತೋಡಿದೆ. ನಮ್ಮ ಹೆಸರುಗಳಲ್ಲಿ ಎಷ್ಟೋ ಚಿತ್ರ ತಯಾರಾಗಿಯೇ ಕೂತಿರುತ್ತವೆ. ಉತ್ತರ ಕರ್ನಾಟಕದ ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ ಅನ್ನುವ ಅಡ್ಡಹೆಸರುಗಳಂತೂ ಈ ಉಪಾಯಕ್ಕೆಂದೇ ಹುಟ್ಟಿದಂತಿವೆ.

ಕಷ್ಟ ಕೊಟ್ಟದ್ದು ಇನಿಷಿಯಲ್‌ಗಳು. ಪು.ತಿ.ನ. ಅವರ ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟು ‘ಪುರಿ ತಿನ್ನೋ ನರಸಿಂಹ’ ಅಂತ ಹೇಗೋ ದಾಟಿದೆ. ಬಿ.ಎಂ.ಶ್ರೀ ಮತ್ತು ತೀ.ನಂ.ಶ್ರೀ ಇಬ್ಬರಿಗೂ ‘ಶ್ರೀ’ ಮಾತ್ರ ಕೊಕ್ಕೆಗೆ ಸಿಕ್ಕಿತು. ಕೊನೆಯವರೆಗೂ ಅದಲು ಬದಲು ಆಗುತ್ತಲೇ ಇದ್ದರು.

ಕಲಿತ ಫೋಟೋದಲ್ಲಿ ಇಪ್ಪತ್ತಕ್ಕೆ ಹದಿನೆಂಟು ಬಂತು. ಬೀಗುತ್ತಾ ಕೂತಿದ್ದೆ. ಮಗಳು ಹೊಸ ಫೋಟೋಗಳನ್ನು ತೆಗೆದಳು. ಒಂಬತ್ತು! ಆದದ್ದು ಇಷ್ಟು. ಸೈಯದ್ ಕಿರ್ಮಾನಿಯವರ ಬೋಳು ತಲೆಯನ್ನು ಒಂದು ಕಿರುಮಣಿ ಮಾಡಿ ಅದಕ್ಕೆ ಹೆಸರು ಕಟ್ಟಿದ್ದೆ. ಅವಳು ತೋರಿಸಿದ ಹರೆಯದ ಫೋಟೋದಲ್ಲಿ ತಲೆ ತುಂಬ ಕೂದಲು. ಕೊಕ್ಕೆ ಹಾಕಲು ಗೋಡೆಯೇ ಇಲ್ಲ. ಪೇಟದ ಕತೆಯೂ ಅಷ್ಟೇ. ಹಳೇ ಮೈಸೂರಿನ ದೊಡ್ಡ ಮನುಷ್ಯರನ್ನು ಕೋಟು, ಪೇಟದ ಗುರುತಿನಲ್ಲಿ ನೆನಪಿಡಲು ಹೊರಟರೆ ವಿಶ್ವೇಶ್ವರಯ್ಯನವರೂ ಪೇಟ, ಮಿರ್ಜಾ ಇಸ್ಮಾಯಿಲರೂ ಪೇಟ. ಅನಂತಮೂರ್ತಿಯವರಿಗೆ ಗಡ್ಡ ಅಂದುಕೊಂಡರೆ ಕಾರ್ನಾಡರೂ ಗಡ್ಡ ಬಿಟ್ಟಿರುವ ಫೋಟೋ ಎದುರಾಗುತ್ತದೆ. ಬೋಳುತಲೆ, ಗಡ್ಡ, ಕನ್ನಡಕ ಬೇಗ ಕಣ್ಣಿಗೆ ಬೀಳುತ್ತವೆ. ಬದಲಾಗುವುದೂ ಅವೇ ಮೊದಲು.

ಎರಡನೆಯದು ಮನೆ ಸುತ್ತುವ ಉಪಾಯ. ಗೊತ್ತಿರುವ ಮನೆಯೊಂದರಲ್ಲಿ ಮನಸ್ಸಿನಲ್ಲೇ ನಡೆಯುತ್ತಾ ಒಂದೊಂದು ಜಾಗದಲ್ಲಿ ಒಬ್ಬೊಬ್ಬರನ್ನು ಕೂರಿಸುವುದು. ಗ್ರೀಸಿನ ಕವಿ ಸಿಮೊನಿಡೀಸ್‌ನ ಹೆಸರಿನಲ್ಲಿ ಇದರ ಕತೆ ಇದೆ. ಊಟದ ಮನೆಯ ಚಾವಣಿ ಕುಸಿದು, ಸತ್ತವರ ಗುರುತೇ ಸಿಗದಾದಾಗ ಯಾರು ಎಲ್ಲಿ ಕೂತಿದ್ದರು ಅಂತ ನೆನಪಿಸಿಕೊಂಡೇ ಅವರನ್ನು ಪತ್ತೆ ಮಾಡಿದನಂತೆ. ನಾನು ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಮನೆಗೆ ಹೋದೆ. ಉಣುಗೋಲಿನ ಹತ್ತಿರ ಕುವೆಂಪು, ತುಳಸಿಕಟ್ಟೆಯಲ್ಲಿ ಬೇಂದ್ರೆ, ಜಗಲಿಯಲ್ಲಿ ಕಾರಂತರು, ನಡುಮನೆಯಲ್ಲಿ ಮಾಸ್ತಿ, ಅಡುಗೆಮನೆಯಲ್ಲಿ ಕರದಂಟು ಮಾಡುತ್ತಿರುವ ಗೋಕಾಕರು, ಬಚ್ಚಲ ಹಂಡೆ ಪಕ್ಕ ಅನಂತಮೂರ್ತಿ, ಕೊಟ್ಟಿಗೆಯಲ್ಲಿ ಕಾರ್ನಾಡ್, ಅಟ್ಟದಲ್ಲಿ ಸುತ್ತಿಗೆ ಬಡಿಯುತ್ತಿರುವ ಕಂಬಾರರು. 1967ರಿಂದ 2010ರವರೆಗಿನ ಎಂಟು ಜ್ಞಾನಪೀಠಗಳೂ ವರ್ಷದ ಕ್ರಮದಲ್ಲಿ ಬಾಯಿಗೆ ಬಂದವು. ಇವತ್ತು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಆದರೆ ಕ್ವಿಜ್‌ನಲ್ಲಿ ಯಾರೂ ಕ್ರಮ ಕೇಳುವುದಿಲ್ಲವಲ್ಲ. ಎದುರಿಗೆ ಒಂದು ಮುಖ ಬರುತ್ತದೆ. ಅದು ನಮ್ಮಜ್ಜಿ ಮನೆಯಲ್ಲಿ ಎಲ್ಲಿದೆ ಅಂತ ಉಣುಗೋಲಿನಿಂದ ಹುಡುಕಿಕೊಂಡು ಹೊರಟರೆ ನಡುಮನೆ ತಲುಪುವಷ್ಟರಲ್ಲಿ ಐದು ಸೆಕೆಂಡು ಮುಗಿದಿರುತ್ತದೆ. ಕಲಿತ ಫೋಟೋದಲ್ಲಿ ಹನ್ನೊಂದು, ಹೊಸದರಲ್ಲಿ ಎಂಟು. ಈ ಕೆಲಸಕ್ಕೆ ಇದು ಬೇಡ.

ಮೂರನೆಯದು ಕಾರ್ಡು. ಮುಂದೆ ಮುಖ, ಹಿಂದೆ ಹೆಸರು. ಸರಿ ಹೇಳಿದ ಕಾರ್ಡು ನಿಧಾನವಾಗಿ ವಾಪಸ್ ಬರುತ್ತದೆ, ತಪ್ಪಿದ್ದು ಬೇಗ ಬರುತ್ತದೆ. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದನ್ನು ರಟ್ಟಿನ ಡಬ್ಬದಲ್ಲಿ ಮಾಡುವ ಬಗೆ ಬರೆದಿದ್ದರು. ಈಗ ಆಂಕಿ ಅನ್ನುವ ಆ್ಯಪ್ ಇದೆ. ಆಂಡ್ರಾಯ್ಡ್ ಮತ್ತು ಕಂಪ್ಯೂಟರಿನಲ್ಲಿ ಉಚಿತ, ಐಫೋನಿನಲ್ಲಿ ದುಡ್ಡು. ಇದರಲ್ಲಿ ಕಲ್ಪನೆ ಬೇಕಿಲ್ಲ, ಬೇಜಾರು ತಡೆದುಕೊಳ್ಳುವ ಶಕ್ತಿ ಇದ್ದರೆ ಸಾಕು. ಕಲಿತ ಫೋಟೋದಲ್ಲಿ ಹತ್ತೊಂಬತ್ತು ಬಂತು. ಒಂದು ತಿಂಗಳು ಬಿಟ್ಟು ನೋಡಿದರೂ ಹದಿನೇಳು. ನಾಲ್ಕರಲ್ಲಿ ಇಷ್ಟು ಗಟ್ಟಿಯಾಗಿ ನಿಂತದ್ದು ಬೇರೆ ಇಲ್ಲ. ಹೊಸ ಫೋಟೋಗೆ ಮಾತ್ರ ಹನ್ನೊಂದೇ. ಯಾಕೆ ಅಂತ ಹುಡುಕಿದಾಗ ನಗು ಬಂತು. ಒಬ್ಬರನ್ನು ನಾನು ಗುರುತಿಸುತ್ತಿದ್ದದ್ದು ಫೋಟೋದ ಮೂಲೆ ಹರಿದಿದ್ದರಿಂದ. ಇನ್ನೊಬ್ಬರನ್ನು ಹಿಂದಿದ್ದ ಕಿಟಕಿಯಿಂದ. ನಾನು ಕಲಿತದ್ದು ಮುಖವನ್ನಲ್ಲ, ಚಿತ್ರವನ್ನು.

ಇದರಿಂದಲೇ ನಾಲ್ಕನೆಯದು ಹೊಳೆಯಿತು. ಒಬ್ಬರದೇ ಎಂಟು ಹತ್ತು ಬೇರೆ ಬೇರೆ ಫೋಟೋ ನೋಡುವುದು. ಹರೆಯದ್ದು, ಮುದಿತನದ್ದು, ನಕ್ಕಿದ್ದು, ಪಕ್ಕಕ್ಕೆ ತಿರುಗಿದ್ದು, ಕನ್ನಡಕ ಇದ್ದದ್ದು, ಇಲ್ಲದ್ದು. ಸಿನಿಮಾದವರಾದರೆ ಎರಡು ಮೂರು ದೃಶ್ಯ. ಗುರುತು ಹುಡುಕುವುದಿಲ್ಲ, ಏನೂ ಕಟ್ಟುವುದಿಲ್ಲ, ಸುಮ್ನೆ ನೋಡುವುದು. ಕೇಳಿದರೆ ಸೋಮಾರಿಗಳ ಉಪಾಯದಂತಿದೆ, ಅಲ್ವಾ? ಆದರೆ ಇದರ ಹಿಂದೆ ಒಂದು ಒಳ್ಳೆಯ ಪ್ರಯೋಗ ಇದೆ. 2011ರಲ್ಲಿ ಪ್ರಕಟವಾದದ್ದು. ಬ್ರಿಟನ್ನಿನ ಸಂಶೋಧಕರು ಇಬ್ಬರು ಡಚ್ ಸೆಲೆಬ್ರಿಟಿಗಳ ತಲಾ ಇಪ್ಪತ್ತು ಫೋಟೋ ಕಲಸಿ ಕೊಟ್ಟು, ಒಬ್ಬೊಬ್ಬರದನ್ನು ಒಂದೊಂದು ಗುಡ್ಡೆ ಮಾಡಿ ಅಂದರು. ಅವರ ಪರಿಚಯವೇ ಇಲ್ಲದ ಬ್ರಿಟಿಷರು ಏಳೆಂಟು ಗುಡ್ಡೆ ಮಾಡಿದರು. ಅವರನ್ನು ನೋಡುತ್ತಾ ಬೆಳೆದ ಡಚ್ಚರು ಹೆಚ್ಚು ಕಡಿಮೆ ಎಲ್ಲರೂ ಎರಡೇ ಗುಡ್ಡೆ ಮಾಡಿದರು. ಗುರುತಿಲ್ಲದ ಮುಖದ ಪ್ರತಿ ಫೋಟೋವೂ ನಮಗೆ ಹೊಸ ಮನುಷ್ಯ. ಮೈನಾವತಿಯವರ ವಿಷಯದಲ್ಲಿ ನನಗೆ ಆದದ್ದೂ ಇದೇ. ಅಕ್ಕ ತಂಗಿಯರನ್ನು ಬೇರೆ ಮಾಡುವಷ್ಟು ನಾನು ಇಬ್ಬರನ್ನೂ ನೋಡಿರಲಿಲ್ಲ. ಅತ್ತೆ ಇಬ್ಬರ ಸಿನಿಮಾಗಳನ್ನೂ ಟೆಂಟಿನಲ್ಲಿ ಕೂತು ನೋಡಿದವರು.

ಹೊಸ ಫೋಟೋ ಪರೀಕ್ಷೆಯಲ್ಲಿ ಇಪ್ಪತ್ತರಲ್ಲಿ ಹದಿನೇಳು ಜನ ಯಾರು ಅಂತ ಗೊತ್ತಾಯಿತು. ಹೆಸರು ಬಂದದ್ದು ಮಾತ್ರ ಹನ್ನೆರಡಕ್ಕೆ. ಉಳಿದ ಐವರಿಗೆ ‘ಅಯ್ಯೋ, ಅವರೇ, ಧಾರವಾಡದವರು, ಖಯಾಲ್ ಹಾಡ್ತಾರಲ್ಲ’ ಅಂತ ತಡಬಡಾಯಿಸಿದೆ. ಮಗಳು ನಡುನಡುವೆ ‘ಅಮ್ಮ, ಹಾಲು ಉಕ್ಕಿತು’ ಅಂತ ಸುಳ್ಳೇ ಕೂಗುತ್ತಿದ್ದಳು. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಿ ಇರುತ್ತಾರಲ್ಲ, ನಮ್ಮನೆಯಲ್ಲಿ ಆ ಪೀಠ ಅವಳದ್ದು.

ಮುಖ ಗೊತ್ತಾಗಿ ಹೆಸರು ಬಾರದಿರುವುದಕ್ಕೂ ಕಾರಣ ಇದೆ. ಮುಖ ಕಂಡಾಗ ಮೊದಲು ಪರಿಚಯದ ಭಾವ ಹುಟ್ಟುತ್ತದೆ, ಆಮೇಲೆ ಅವರ ಕೆಲಸ, ಊರು, ಕೊನೆಗೆ ಹೆಸರು. ಮನಶ್ಶಾಸ್ತ್ರಜ್ಞರಾದ ಬ್ರೂಸ್ ಮತ್ತು ಯಂಗ್ 1986ರಲ್ಲಿ ಈ ಕ್ರಮವನ್ನು ವಿವರಿಸಿದ್ದರು. ಮರುವರ್ಷದ ಇನ್ನೊಂದು ಪ್ರಯೋಗವನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ಒಂದು ಮುಖ ತೋರಿಸಿ ‘ಇವರು ಬಡಿಗರು’ ಅಂದರೆ ನೆನಪಿರುತ್ತದೆ. ಅದೇ ಮುಖ ತೋರಿಸಿ ‘ಇವರು ಬಡಿಗೇರ’ ಅಂದರೆ ಮರೆಯುತ್ತದೆ. ಬಡಿಗ ಅಂದರೆ ಮರ, ಉಳಿ, ಬಾಚಿ ಎಲ್ಲ ಕಣ್ಣಿಗೆ ಬರುತ್ತವೆ. ಬಡಿಗೇರ ಅಂದರೆ ಬರೀ ಒಂದು ಹೆಸರು.

ಹಾಗಾಗಿ ಆ ಗುಂಪಿಗೆ ಹೆಸರಿನ ಚಿತ್ರಗಳನ್ನೂ ಸೇರಿಸಿದೆ. ಈ ಸಲ ಚಿತ್ರವನ್ನು ಗಡ್ಡಕ್ಕೋ ಕನ್ನಡಕಕ್ಕೋ ಕಟ್ಟಲಿಲ್ಲ, ಅವರ ಕೆಲಸಕ್ಕೆ ಕಟ್ಟಿದೆ. ತಂಬೂರಿಗೆ, ಬ್ಯಾಟಿಗೆ, ಪೆನ್ನಿಗೆ. ಗಡ್ಡ ಬೋಳಿಸಬಹುದು, ತಂಬೂರಿ ಎಲ್ಲಿಗೂ ಹೋಗುವುದಿಲ್ಲ. ಒಂದು ವಾರ ಬಿಟ್ಟು ಮಗಳು ಮತ್ತೆ ಹೊಸ ಫೋಟೋಗಳನ್ನು ಹುಡುಕಿ ತೋರಿಸಿದಾಗ ಇಪ್ಪತ್ತಕ್ಕೆ ಹದಿನಾರು ಹೆಸರು ಬಂದವು. ನನ್ನ ಮಟ್ಟಿಗೆ ಗೆದ್ದದ್ದು ಈ ಜೋಡಿಯೇ. ಕಾರ್ಡಿನ ಆ್ಯಪನ್ನು ಬಿಡಲಿಲ್ಲ. ಒಬ್ಬರಿಗೆ ಒಂದೇ ಫೋಟೋ ಬದಲು ಐದಾರು ಹಾಕಿಕೊಂಡೆ, ಅಷ್ಟೇ. ತಯಾರಿಗೆ ತುಂಬಾ ಹೊತ್ತು ಹಿಡಿಯುತ್ತದೆ. ಎಂಬತ್ತು ಜನರ ಐದಾರು ಫೋಟೋ ಹುಡುಕುವುದೆಂದರೆ ಮೂರು ಭಾನುವಾರ ಹೋದವು. ಕ್ವಿಜ್‌ಗೆ ಎರಡೇ ದಿನ ಇದೆ ಅನ್ನುವವರು ಸುಮ್ಮನೆ ಕೊಕ್ಕೆ ಹಾಕಿಕೊಂಡು ಹೋಗುವುದೇ ವಾಸಿ.

ಕಳೆದ ನವೆಂಬರಿನಲ್ಲಿ ಪಂದ್ಯ. ಮೊದಲ ಹತ್ತು ಫೋಟೋಗಳಲ್ಲಿ ನಮ್ಮ ತಂಡ ಎಂಟು ಹೇಳಿತು. ಕೂದಲಿದ್ದ ಕಿರ್ಮಾನಿಯೂ ಬಂದರು, ಬಿಡಲಿಲ್ಲ. ಆಮೇಲೆ ಮೇಷ್ಟ್ರು ಹೊಸದೊಂದು ತಂದರು: ತಲೆಕೆಳಗಾದ ಫೋಟೋಗಳು. ನನ್ನ ಉಪಾಯ ಅಲ್ಲೇ ನೆಲಕಚ್ಚಿತು. ಮುಖವನ್ನು ತಲೆಕೆಳಗೆ ಮಾಡಿದರೆ ಅದರ ಒಟ್ಟು ಚಹರೆ ನಮಗೆ ಸಿಗುವುದಿಲ್ಲ. ಮನೆ, ವಿಮಾನದಂಥ ಬೇರೆ ಚಿತ್ರಗಳಿಗಿಂತ ಮುಖಕ್ಕೆ ಇದರ ಪೆಟ್ಟು ಜಾಸ್ತಿ ಅಂತ ರಾಬರ್ಟ್ ಯಿನ್ 1969ರಲ್ಲೇ ತೋರಿಸಿದ್ದಾರೆ. ಬಿಡಿ ಗುರುತುಗಳು ಮಾತ್ರ ತಲೆಕೆಳಗಾದರೂ ಕಾಣುತ್ತವೆ. ನಾನು ತಳ್ಳಿಹಾಕಿದ್ದ ಕೊಕ್ಕೆ ಅಲ್ಲಿ ಕೈಹಿಡಿಯಿತು. ನರಸಿಂಹರಾಜು ಅವರ ಹಲ್ಲು ಯಾವ ಕಡೆಯಿಂದ ನೋಡಿದರೂ ನರಸಿಂಹರಾಜು ಅವರ ಹಲ್ಲೇ. ವಜ್ರಮುನಿಯವರ ಕಣ್ಣೂ ಸಿಕ್ಕಿತು.

ಮೂರನೆಯ ಫೋಟೋ ಯಾರೋ ಕಪ್ಪು ಬಿಳುಪಿನ ನಾಯಕಿ. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದರು, ಪರದೆಗೆ ಬೆನ್ನು ಮಾಡಿ ನಿಂತರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ, ಕೈ ಸಂದಿಯಿಂದ ಹಿಂದಕ್ಕೆ ನೋಡಿ ‘ಹರಿಣಿ’ ಅಂದರು. ಇದು ನಿಯಮಕ್ಕೆ ವಿರುದ್ಧ ಅಂತ ಎದುರು ತಂಡದವರು ಗಲಾಟೆ ಎಬ್ಬಿಸಿದರು. ಮೇಷ್ಟ್ರು ನಿಯಮದ ಹಾಳೆಯನ್ನು ಎರಡು ಸಲ ಓದಿ, ಬಗ್ಗಬಾರದು ಅಂತ ಎಲ್ಲೂ ಇಲ್ಲ ಅಂತ ಹೇಳಿ ಹತ್ತು ಅಂಕ ಕೊಟ್ಟರು.