ಮಾಸ್ಟರ್ ಟೇಪ್‌ಗೆ ಅಸೆಂಬಲ್ ಒಳ್ಳೆಯದೋ, ಇನ್ಸರ್ಟ್ ಒಳ್ಳೆಯದೋ?

ಎಡಿಟ್ ಮುಗಿದ ಕಾರ್ಯಕ್ರಮವನ್ನು ಕಂಪ್ಯೂಟರ್‌ನಿಂದ ಚಾನೆಲ್‌ಗೆ ಕೊಡುವ ಅಂತಿಮ ವಿಡಿಯೋ ಟೇಪ್‌ಗೆ ಇಳಿಸುವ, ಅಂದರೆ ರೆಕಾರ್ಡ್ ಮಾಡುವ, ಎರಡು ವಿಧಾನ ಇವು. ನನ್ನ ಓಟು ಇನ್ಸರ್ಟ್‌ಗೆ. ಒಂದು ಟೇಪ್ ಟಿವಿ ಚಾನೆಲ್‌ನ ಕ್ಯೂಸಿಯಿಂದ (ಗುಣಮಟ್ಟ ಪರೀಕ್ಷೆಯಿಂದ) ವಾಪಸ್ ಬಂದ ಮೇಲೆ ಗಟ್ಟಿಯಾದ ಅಭಿಪ್ರಾಯ ಇದು.

ಅದು 48 ನಿಮಿಷದ ಸಾಕ್ಷ್ಯಚಿತ್ರ. ಡಿಜಿಬೀಟಾ (ಡಿಜಿಟಲ್ ಬೀಟಾಕ್ಯಾಮ್) ಟೇಪ್. ಮೊದಲು ಬಣ್ಣ, ಧ್ವನಿ ಹೊಂದಿಸಿಕೊಳ್ಳಲು ಕಲರ್ ಬಾರ್ ಮತ್ತು ಟೋನ್, ಆಮೇಲೆ ಕ್ಲಾಕ್. ಕಾರ್ಯಕ್ರಮ ಟೈಮ್‌ಕೋಡ್‌ನಲ್ಲಿ (ಟೇಪ್ ಮೇಲಿನ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಎಣಿಕೆ) ಸರಿಯಾಗಿ 10:00:00:00ಕ್ಕೆ ಶುರುವಾಗಬೇಕು. ಅಸೆಂಬಲ್‌ನಲ್ಲಿ ಪೂರ್ತಿ ಇಳಿಸಿದೆ, ಸಲೀಸಾಗಿ ಆಯಿತು. ಆಮೇಲೆ 31ನೇ ನಿಮಿಷದಲ್ಲಿ ಒಂದು ಹೆಸರಿನ ಕಾಗುಣಿತ ತಪ್ಪಿದ್ದು ಕಣ್ಣಿಗೆ ಬಿತ್ತು. ಆ ನಾಲ್ಕು ಸೆಕೆಂಡಿನ ಶಾಟನ್ನೂ ಅಸೆಂಬಲ್‌ನಲ್ಲೇ ತಿದ್ದಿದೆ. ಎಡವಟ್ಟಾಗಿದ್ದು ಅಲ್ಲೇ.

ಅಸೆಂಬಲ್ ಚಿತ್ರವನ್ನಷ್ಟೇ ಬದಲಿಸುವುದಿಲ್ಲ. ಧ್ವನಿ, ಟೈಮ್‌ಕೋಡ್, ಟೇಪ್ ಓಟವನ್ನು ಹದದಲ್ಲಿಡುವ ಕಂಟ್ರೋಲ್ ಟ್ರ್ಯಾಕ್ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುತ್ತದೆ. ಶುರುವಿನ ಬೆಸುಗೆ ಚೆನ್ನಾಗಿಯೇ ಇರುತ್ತದೆ, ನಿಲ್ಲುವ ಕಡೆ ಕಂಟ್ರೋಲ್ ಟ್ರ್ಯಾಕ್ ಕಡಿದುಹೋಗುತ್ತದೆ. ನಾನು ಹೊಸ ಶಾಟ್ ನೋಡಿ ಡೆಕ್ (ಟೇಪ್ ಓಡಿಸುವ ಯಂತ್ರ) ನಿಲ್ಲಿಸಿಬಿಟ್ಟೆ. ಅದರ ಮುಂದಿನ ಕ್ಷಣದಲ್ಲೇ ಚಿತ್ರ ಒಡೆದು ಧ್ವನಿ ಕಟ್ಟಾಗುತ್ತಿತ್ತು.

ಇನ್ಸರ್ಟ್‌ಗೆ ಬೇಕಾದ್ದನ್ನು ಮಾತ್ರ ಹೇಳಬಹುದು: ಬರೀ ಚಿತ್ರ, ಇಲ್ಲವೇ ಬರೀ 3 ಮತ್ತು 4ನೇ ಆಡಿಯೋ ಚಾನೆಲ್. ಉಳಿದದ್ದನ್ನು ಅದು ಮುಟ್ಟುವುದಿಲ್ಲ. ಆದರೆ ಖಾಲಿ ಟೇಪ್ ಆದರೆ ಅದಕ್ಕೆ ಮೊದಲೇ ಬ್ಲ್ಯಾಕ್ (ಬರೀ ಕಪ್ಪು ಚಿತ್ರ) ಮತ್ತು ಟೈಮ್‌ಕೋಡ್ ಹೊಡೆದಿರಬೇಕು. 64 ನಿಮಿಷದ ಟೇಪ್‌ಗೆ 64 ನಿಮಿಷವೇ ಬೇಕು.

ಅದನ್ನಾದರೂ ಸಹಿಸಬಹುದು. ನನ್ನನ್ನು ನಿಜವಾಗಿ ಸತಾಯಿಸಿದ್ದು ಒಂದೇ ಒಂದು ಫ್ರೇಮ್. ಇನ್ಸರ್ಟ್ ಮಾಡಿದ ಶಾಟ್‌ನ ಮೊದಲಲ್ಲಿ ಏನೋ ಕಪ್ಪಗೆ ಮಿಂಚಿ ಹೋಗುತ್ತಿತ್ತು. ಸೆಕೆಂಡಿಗೆ 25 ಫ್ರೇಮ್ ಓಡುವಾಗ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತೆ, ಕ್ಯೂಸಿಯವರಿಗೆ ಮಾತ್ರ ತಪ್ಪುವುದಿಲ್ಲ.

ಹಳೇ ಟೇಪ್ ಒಂದನ್ನು ಹಾಕಿ ಪರೀಕ್ಷೆ ಮಾಡಿದೆ. ಚಿತ್ರದ ಮೇಲೇ ಟೈಮ್‌ಕೋಡ್ ಅಚ್ಚಾಗಿರುವ ಒಂದು ನಿಮಿಷದ ಟೈಮ್‌ಲೈನ್ ಇಳಿಸಿ, ಜಾಗ್ ಚಕ್ರವನ್ನು ಒಂದೊಂದೇ ಫ್ರೇಮ್ ತಿರುಗಿಸಿದೆ. ಡೆಕ್‌ನ ಮುಖದಲ್ಲಿ 10:00:00:01, ಚಿತ್ರದಲ್ಲಿ 10:00:00:00. ಸಾಫ್ಟ್‌ವೇರ್‌ನ ಆಫ್‌ಸೆಟ್ (ಡೆಕ್‌ನ ಜೊತೆಗಿನ ಹಿಂದುಮುಂದನ್ನು ಸರಿದೂಗಿಸುವ ಸೆಟ್ಟಿಂಗ್) ಒಂದು ಫ್ರೇಮ್ ಸರಿಸಿದೆ, ಸರಿಹೋಯಿತು. ಮತ್ತೆ ಇಳಿಸಿದರೆ ಈ ಸಲ ಒಂದು ಫ್ರೇಮ್ ಮುಂಚೆ! ಅರ್ಧ ದಿನ ಸೆಟ್ಟಿಂಗ್ಸ್ ಎಲ್ಲಾ ತಡಕಿದೆ. ಕೊನೆಗೆ ನೋಡಿದರೆ ಯಂತ್ರಗಳನ್ನು ಒಂದೇ ತಾಳಕ್ಕೆ ಕೂರಿಸುವ ರೆಫರೆನ್ಸ್ ಸಿಗ್ನಲ್ ಕಂಪ್ಯೂಟರ್‌ನ ವಿಡಿಯೋ ಕಾರ್ಡ್‌ಗೆ ಹೋಗುತ್ತಿತ್ತು, ಡೆಕ್‌ಗೆ ಇರಲಿಲ್ಲ. ಎರಡಕ್ಕೂ ಒಂದೇ ಬ್ಲ್ಯಾಕ್ ಬರ್ಸ್ಟ್ (ಆ ರೆಫರೆನ್ಸ್ ಸಿಗ್ನಲ್) ಕೊಟ್ಟ ಮೇಲೆ ಹತ್ತು ಸಲ ಇಳಿಸಿದರೂ ಅದೇ ಫ್ರೇಮ್‌ಗೆ ಬಂದು ಕೂತಿತು. ಡೆಕ್ ಬದಲಾದರೆ ಆಫ್‌ಸೆಟ್ ಮತ್ತೆ ನೋಡಲೇಬೇಕು.

ಚಿತ್ರ ಮತ್ತು ಧ್ವನಿಯ ಲೆವೆಲ್, ಬಣ್ಣದ ಮಿತಿ ಇವೆಲ್ಲ ಟೈಮ್‌ಲೈನ್‌ನಲ್ಲೇ ಮುಗಿಯಬೇಕಾದ ಕೆಲಸ. ಈ ವಿಷಯದಲ್ಲಿ ಅಸೆಂಬಲ್, ಇನ್ಸರ್ಟ್ ಎರಡೂ ಒಂದೇ. ಟೇಪ್ ಇಳಿಸುವುದನ್ನು ಹೊರಗಿನ ಸ್ಟುಡಿಯೋಗೆ ಕೊಟ್ಟರೆ ಕೆಲಸ ಅಚ್ಚುಕಟ್ಟು, ಆದರೆ ಪ್ರತಿ ತಿದ್ದುಪಡಿಗೂ ಮತ್ತೆ ದುಡ್ಡು.

ಒಂದೇ ಏಟಿಗೆ ಪೂರ್ತಿ ಇಳಿಸಿ, ಮತ್ತೆ ಮುಟ್ಟುವುದೇ ಇಲ್ಲ ಅನ್ನುವವರಿಗೆ ಅಸೆಂಬಲ್ ಸಾಕು. ಅಸೆಂಬಲ್‌ನಲ್ಲಿ ಇಳಿಸಿದ ಟೇಪನ್ನೂ ಆಮೇಲೆ ಇನ್ಸರ್ಟ್‌ನಲ್ಲಿ ತಿದ್ದಬಹುದು; ನಾನು ಅವತ್ತು ಮಾಡಬೇಕಿದ್ದದ್ದು ಅದನ್ನೇ. ಆದರೆ ನನ್ನ ಕೆಲಸದಲ್ಲಿ ಕೊನೇ ಗಳಿಗೆಯ ತಿದ್ದುಪಡಿ ಇದ್ದೇ ಇರುತ್ತೆ. ಡೆಕ್ ದಿನದ ಬಾಡಿಗೆಗೆ ತರುತ್ತೇನೆ, ಬಂದ ತಕ್ಷಣ ಎರಡು ಟೇಪ್‌ಗೆ ಬ್ಲ್ಯಾಕ್ ಹೊಡೆಯಲು ಬಿಡುತ್ತೇನೆ. ಅಷ್ಟರಲ್ಲಿ ರೆಂಡರ್ ಮುಗಿದಿರುತ್ತೆ. ತಿದ್ದಿದ ಪ್ರತಿ ಶಾಟನ್ನೂ ಈಗ ಔಟ್ ಪಾಯಿಂಟ್ (ತಿದ್ದುಪಡಿ ಮುಗಿಯುವ ಜಾಗ) ದಾಟಿ ಹತ್ತು ಸೆಕೆಂಡಿನವರೆಗೆ ನೋಡುತ್ತೇನೆ.