ಮನಾಲಿಯಿಂದ ಒಂದೇ ದಿನದಲ್ಲಿ ಚಂದ್ರತಾಲ ಸರೋವರಕ್ಕೆ ಹೋಗುವ ಪ್ಯಾಕೇಜ್ ಒಪ್ಪಬೇಡಿ

ಬಳ್ಳಾರಿ, ಕೊಪ್ಪಳ ಕಡೆಯಿಂದ ಹಿಮಾಚಲ ಪ್ರವಾಸಕ್ಕೆ ಹಣ ಕಟ್ಟುವವರು ಏಜೆಂಟರನ್ನು ಎರಡು ಮಾತು ಕೇಳಲೇಬೇಕು: ಪ್ರತಿ ರಾತ್ರಿ ಮಲಗುವ ಜಾಗದ ಎತ್ತರವೆಷ್ಟು, ಅಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಕೆಳಗಿಳಿಯುವ ದಾರಿ ಯಾವುದು?

ಕಳೆದ ಜುಲೈನಲ್ಲಿ ನಮ್ಮ ಕುಟುಂಬಕ್ಕೆ ಕೊಟ್ಟ ಪಟ್ಟಿಯಲ್ಲಿ ಬೆಳಿಗ್ಗೆ ಮನಾಲಿ, ರಾತ್ರಿ ಚಂದ್ರತಾಲ ಎಂದಿತ್ತು. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ, ಚಂದ್ರತಾಲ ಸುಮಾರು 4,250 ಮೀಟರ್ ಎತ್ತರದಲ್ಲಿ. ತೆಳು ಗಾಳಿಗೆ ದೇಹ ಹೊಂದಿಕೊಳ್ಳಬೇಕಾದ್ದರಿಂದ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಲಹೆ. 500 ಮೀಟರ್ ಎತ್ತರವೂ ಇಲ್ಲದ ಬಳ್ಳಾರಿಯಲ್ಲಿ ಬದುಕುವವರಿಗೆ ಇದನ್ನು ಹೇಳದೆ ಹಣ ಪಡೆಯುವುದು ಅಕ್ಷಮ್ಯ.

ಆ ರಾತ್ರಿ ಕೊಪ್ಪಳದ ನಮ್ಮ ಚಿಕ್ಕಪ್ಪನವರಿಗೆ ಮೊದಲು ತಲೆನೋವು, ಆಮೇಲೆ ವಾಂತಿ ಶುರುವಾಯಿತು. ನಡುರಾತ್ರಿಯ ಹೊತ್ತಿಗೆ ಮಲಗಲಾಗದೆ ರಜಾಯಿ ಹೊದ್ದು ಕುಳಿತು, "ಉಸುರು ಸಾಲವಲ್ದೋ ತಮ್ಮಾ" ಎಂಬಷ್ಟು ಮಾತನ್ನೇ ನಡುನಡುವೆ ನಿಲ್ಲಿಸಿ ಹೇಳಿದರು. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಅವರ ಉಗುರುಗಳು ನೀಲಿಗಟ್ಟಿದ್ದವು. ಏಜೆಂಟರು ಗಾಡಿಯಲ್ಲಿರುತ್ತದೆ ಎಂದಿದ್ದ ಆಕ್ಸಿಜನ್ ಸಿಲಿಂಡರ್ ಇರಲೇ ಇಲ್ಲ, ಯಾರ ಮೊಬೈಲಿಗೂ ಸಿಗ್ನಲ್ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಕೂಡಲೇ ಕೆಳಗಿಳಿಯಬೇಕು, ಆದರೆ ಅಲ್ಲಿನ ಭೂಗೋಳ ಅದಕ್ಕೆ ಸುಲಭವಾಗಿ ಬಿಡುವುದಿಲ್ಲ. ಒಂದು ಕಡೆ, ಕಾಜಾ ಊರಿರುವ ಸ್ಪಿತಿ ಪ್ರದೇಶಕ್ಕೆ ಹೋಗಬೇಕಾದರೆ ಸುಮಾರು 4,550 ಮೀಟರಿನ ಕುಂಜಮ್ ಕಣಿವೆದಾರಿಯನ್ನು ಹತ್ತಿ ಇಳಿಯಬೇಕು, ಅಂದರೆ ಉಸಿರಿಲ್ಲದವರನ್ನು ಇನ್ನೂ ಮೇಲಕ್ಕೆ ಒಯ್ಯಬೇಕು. ಇನ್ನೊಂದು ಕಡೆ, ಮನಾಲಿಗೆ ಮರಳುವ ದಾರಿಯಲ್ಲಿ, ಬಾತಲ್‌ನಿಂದ ಛತ್ರುವರೆಗೆ ಚಂದ್ರಾ ನದಿಯ ಪಕ್ಕದ ದಾರಿಯುದ್ದಕ್ಕೂ ಬರೀ ಕಲ್ಲು, ಹಿಮನದಿಗಳ ನಾಲೆಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ನಂತರ ನೀರು ಏರುತ್ತದೆ, ನಸುಕಿನಲ್ಲಿ ಇಳಿದಿರುತ್ತದೆ. ರಾತ್ರಿ ಆ ನಾಲೆಗಳಿಗೆ ಗಾಡಿ ಇಳಿಸಲು ಚಾಲಕ ಒಪ್ಪಲಿಲ್ಲ, ಅವನದು ತಪ್ಪೂ ಅಲ್ಲ. ನಸುಕಿನಲ್ಲಿ ಹೊರಟು ಸುಮಾರು 3,100 ಮೀಟರಿನ ಕೋಕ್ಸರ್ ತಲುಪುವಷ್ಟರಲ್ಲಿ ಚಿಕ್ಕಪ್ಪನವರ ಉಸಿರು ಸ್ವಲ್ಪ ಹದಕ್ಕೆ ಬಂದಿತ್ತು. ಶ್ವಾಸಕೋಶದಲ್ಲಿ ನೀರು ತುಂಬತೊಡಗಿತ್ತು ಎಂದು ಮನಾಲಿಯ ವೈದ್ಯರು ಹೇಳಿದರು. ಊರಿಗೆ ಬಂದು ವಿಚಾರಿಸಿದರೆ, "ಅಲ್ಲಿ ಎಲ್ಲರಿಗೂ ಹಾಗೇ ಆಗುತ್ತೆ ಸರ್" ಎಂದಷ್ಟೇ ಏಜೆಂಟರ ಉತ್ತರ.

ಚಂದ್ರತಾಲವನ್ನು ನೋಡಲೇಬೇಕಾದರೆ ಶಿಮ್ಲಾದಿಂದ ಕಲ್ಪಾ, ತಾಬೋ ಮಾರ್ಗವಾಗಿ ಏರಿ, ಸುಮಾರು 3,650 ಮೀಟರಿನ ಕಾಜಾದಲ್ಲಿ ಎರಡು ರಾತ್ರಿ ತಂಗಿ, ಕೊನೆಗೆ ಅಲ್ಲಿಗೆ ಹೋಗಿ. ಮಳೆಗಾಲದಲ್ಲಿ ಕಿನ್ನೌರಿನ ಆ ರಸ್ತೆಯಲ್ಲಿ ಗುಡ್ಡ ಕುಸಿಯುವುದುಂಟು, ಸೆಪ್ಟೆಂಬರ್ ವಾಸಿ. ಮನಾಲಿಯಿಂದ ಲೇಹ್‌ಗೆ ಹೋಗುವವರಿಗೆ ಮೊದಲ ರಾತ್ರಿಯೇ ಸರ್ಚುವಿನಲ್ಲಿ ಟೆಂಟ್ ಕೊಟ್ಟಿದ್ದರೆ ಅದನ್ನೂ ನಿರಾಕರಿಸಿ. ಸುಮಾರು 4,290 ಮೀಟರಿನ ಆ ಬಯಲಿನಿಂದ ಹಿಂದಕ್ಕೆ ಬರಲು ಬಾರಾಲಾಚಾ, ಮುಂದಕ್ಕೆ ಹೋಗಲು ಲಾಚುಲುಂಗ್, ಎರಡೂ ಅದಕ್ಕಿಂತ ಎತ್ತರದ ಕಣಿವೆದಾರಿಗಳೇ. ಅದರ ಬದಲು ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ ತಂಗುವ ವ್ಯವಸ್ಥೆ ಕೇಳಿ, ಒಪ್ಪದವರಿಗೆ ಮುಂಗಡ ಕೊಡಬೇಡಿ.